ಮಾವನಿಗೆ ರುಚಿ ಹೋದ ಮೇಲೆ

ನನ್ನ ಸೋದರಮಾವನ ಕಿವಿಯ ಸುರುಳಿಗಳಲ್ಲಿ ಕೆಂಪು ಮಣ್ಣು ಕೂತುಬಿಟ್ಟಿತ್ತು. ಎಷ್ಟು ತಿಕ್ಕಿ ತೊಳೆದರೂ ಹೋಗದ, ಸಂಡೂರಿನ ಗುಡ್ಡಗಳ ಅದಿರಿನ ಮಣ್ಣು. ಕುತ್ತಿಗೆಯ ಮಡಿಕೆಯಲ್ಲಿ, ಉಗುರಿನ ಬುಡದಲ್ಲಿ, ರೆಪ್ಪೆಯ ಅಂಚಿನಲ್ಲಿ ಕೂಡ ಅದೇ ಬಣ್ಣ. ಅವನು ಅದಿರು ಲಾರಿಯ ಡ್ರೈವರ್. ಬುಕ್ಕಸಾಗರದ ನಮ್ಮ ಮನೆಗೆ ಬಂದನೆಂದರೆ ಅಜ್ಜಿ ಅಂಗಳದಲ್ಲೇ ಹಂಡೆಯ ನೀರು ಇಡುತ್ತಿದ್ದಳು. ಮೊದಲ ಚೊಂಬಿನ ನೀರು ಅವನ ಮೈಮೇಲಿಂದ ಕೆಂಪಗೆ ಇಳಿದು ಚರಂಡಿ ಸೇರುತ್ತಿತ್ತು. ಆಗಲೂ ಅವನ ಬಾಯಿ ಸುಮ್ಮನಿರುತ್ತಿರಲಿಲ್ಲ. ಸೋಪಿನ ನೊರೆಯ ನಡುವೆಯೇ ಕೂಗುತ್ತಿದ್ದ: "ಯವ್ವಾ, ಒಲಿ ಮ್ಯಾಲ ಏನೈತಿ?"

ಅವನಿಗೆ ಊಟವೆಂದರೆ ಅಷ್ಟು ಪ್ರೀತಿ. ಹೆಚ್ಚು ತಿನ್ನುವವನಲ್ಲ, ನಿಧಾನವಾಗಿ ತಿನ್ನುವವನು. ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿ, ಇದರಲ್ಲಿ ಕೊತ್ತಂಬರಿ ಕಾಳು ಹೆಚ್ಚು ಹುರಿದೀರಿ, ಇದರ ಬೆಳ್ಳುಳ್ಳಿ ಹಳೆಯದು ಎಂದು ಹೇಳಿಬಿಡುತ್ತಿದ್ದ. ನಮ್ಮವ್ವ ಸಿಟ್ಟಾಗುತ್ತಿದ್ದಳು. "ಅಷ್ಟ್ ಗೊತ್ತಿದ್ರ ನೀನ ಮಾಡ್ಕೊ" ಎನ್ನುತ್ತಿದ್ದಳು. ಅವನು ನಿಜಕ್ಕೂ ಎದ್ದು ಮಾಡಿಕೊಳ್ಳುತ್ತಿದ್ದ.

ಅವನ ಕೈ ಅಡುಗೆಯಲ್ಲಿ ಹೆಸರಾದದ್ದು ದನದ ಮಾಂಸಕ್ಕೆ ಆಲೂಗಡ್ಡೆ ಹಾಕಿ ಮಾಡುವ ಸಾರು. ಅದನ್ನು ಅವನು ಕಲಿತದ್ದು ಮನೆಯಲ್ಲಲ್ಲ, ಲಾರಿಗಳ ಸಾಲಿನಲ್ಲಿ. ಗಣಿಗಳು ಜೋರಾಗಿ ನಡೆಯುತ್ತಿದ್ದ ಕಾಲ. ಲೋಡಿಗೆ ಕಾಯುವ ಲಾರಿಗಳು ಗುಡ್ಡದ ರಸ್ತೆಯುದ್ದಕ್ಕೂ ಒಂದರ ಹಿಂದೊಂದು ನಿಂತಿರುತ್ತಿದ್ದವು. ಬೆಳಗ್ಗೆ ಸಾಲು ಸೇರಿದವನಿಗೆ ಸಂಜೆಯಾದರೂ ಸರದಿ ಬರುತ್ತಿರಲಿಲ್ಲ. ಮಾವ ಲಾರಿಯಲ್ಲಿ ಒಂದು ಕಬ್ಬಿಣದ ಬಕೆಟ್ಟಿನ ಒಲೆ ಇಟ್ಟುಕೊಂಡಿದ್ದ. ಕಂಪ್ಲಿಯ ರೈಸ್‌ಮಿಲ್ಲಿನಿಂದ ತಂದ ಭತ್ತದ ಹೊಟ್ಟನ್ನು ಅದರಲ್ಲಿ ಒತ್ತಿ ತುಂಬಿ, ನಡುವೆ ತೂತು ಬಿಟ್ಟು ಕಿಡಿ ತಾಗಿಸಿದರೆ, ಉರಿಯೇ ಕಾಣದಂತೆ ಅರ್ಧ ದಿನ ಒಳಗೊಳಗೇ ಸುಡುತ್ತಿತ್ತು. ಅದರ ಮೇಲೆ ದಪ್ಪ ತಳದ ಪಾತ್ರೆ, ಮುಚ್ಚಳದ ಸುತ್ತ ಜೋಳದ ಹಿಟ್ಟು ಮೆತ್ತಿ ಬಿಗಿ. ಸಾಲು ಮುಂದೆ ಸರಿದರೆ ಕಂಪ್ಲಿಯ ಅವನ ಗೆಳೆಯ, ಅವನೂ ಡ್ರೈವರನೇ, ಮೊದಲು ತನ್ನ ಲಾರಿ, ಆಮೇಲೆ ಮಾವನ ಲಾರಿ ಮುಂದಕ್ಕೆ ಬಿಡುತ್ತಿದ್ದ. ಮಾವ ಹೊಗೆಯಾಡುವ ಬಕೆಟ್ಟನ್ನು ಹಿಡಿಕೆ ಹಿಡಿದು ಎತ್ತಿಕೊಂಡು, ಪಾತ್ರೆ ಅಲುಗದಂತೆ, ಲಾರಿಯ ಪಕ್ಕದಲ್ಲಿ ನಡೆದು ಬರುತ್ತಿದ್ದನಂತೆ.

ಮುಚ್ಚಳ ತೆಗೆಯುವ ಹೊತ್ತಿಗೆ ಅವನು ಸಾಲಿನ ಕಡೆ ತಿರುಗಿ ಕೂಗುತ್ತಿದ್ದನೆಂದು ಆ ಗೆಳೆಯ ಹೇಳುತ್ತಿದ್ದ: "ದನದ್ದೈತ್ರೀ! ಉಣ್ಣೋರು ಬರ್ರಿ, ಒಲ್ಲೆ ಅನ್ನೋರು ಸಿಟ್ಟಾಗಬ್ಯಾಡ್ರಿ!" ಹೆಸರು ಹೇಳದೆ ಯಾರಿಗೂ ಬಡಿಸುತ್ತಿರಲಿಲ್ಲ. ಗೊತ್ತಿಲ್ಲದವನಿಗೆ ತಿನ್ನಿಸುವುದು ತಪ್ಪು, ಗೊತ್ತಿದ್ದು ಮುಚ್ಚಿಡುವುದು ಇನ್ನೂ ತಪ್ಪು ಎಂಬುದು ಅವನ ಲೆಕ್ಕ. ಬರುವವರು ತಟ್ಟೆ ಹಿಡಿದು ಬರುತ್ತಿದ್ದರು. ಒಲ್ಲದವರು ನಕ್ಕು ಕೈ ಬೀಸುತ್ತಿದ್ದರು.

ನಾನು ಹತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಮನೆಯಲ್ಲಿ ಒಂದು ಮಾತು ಎದ್ದಿತು. ನಮ್ಮ ಕಡೆ ಅಕ್ಕನ ಮಗಳು ತಮ್ಮನಿಗೆ ಎಂಬುದು ಹುಟ್ಟಿದಾಗಿನಿಂದ ಆದ ಮಾತು. ಅಜ್ಜಿ ದಿನ ನೋಡಿಸಿಕೊಂಡೇ ಬಂದಿದ್ದಳು. ಅಪ್ಪ ಬೇಡವೆನ್ನಲಿಲ್ಲ. ಅವ್ವ ನನ್ನ ಮುಖ ನೋಡದೆ ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮಾವ ಮಾತ್ರ ಹೊರಗಿನ ಕಟ್ಟೆಯ ಮೇಲಿಂದ ಎದ್ದು ಒಳಗೆ ಬಂದು ಹೇಳಿದ:

"ನಾ ಎತ್ತಿ ಆಡಿಸಿದ ಕೂಸು ಅದು. ಅದಕ್ಕ ತಾಳಿ ಕಟ್ಟು ಅಂದ್ರ ನನ್ನ ಕೈ ಏಳಂಗಿಲ್ಲ. ಓದ್ಲಿ ಬಿಡ್ರಿ."

"ನೀ ಒಲ್ಲೆ ಅಂದ್ರ ನಾ ಅನ್ನ ಮುಟ್ಟಂಗಿಲ್ಲ" ಅಂದಳು ಅಜ್ಜಿ.

"ಹಂಗಾರ ನಾನೂ ಮುಟ್ಟಂಗಿಲ್ಲ" ಅಂದ ಮಾವ.

ಊಟವನ್ನು ಅಷ್ಟು ಪ್ರೀತಿಸುವವನು ಕಟ್ಟೆಯ ಮೇಲೆ ಬರೀ ನೀರು ಕುಡಿದುಕೊಂಡು ಕೂತ. ಅಜ್ಜಿ ಮಗನ ಒಣಗಿದ ತುಟಿ ನೋಡಲಾಗದೆ ಕೊನೆಗೆ ತಾನೇ ಅಳುತ್ತ ತಟ್ಟೆ ತಂದಿಟ್ಟಳು. ಕಾಲೇಜು ಸೇರುವ ದಿನ ಅವನು ನನ್ನನ್ನು ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊಸಪೇಟೆಗೆ ಬಿಟ್ಟುಬಂದ. ನಾನು ಮೇಷ್ಟ್ರ ಕೆಲಸಕ್ಕೆ ಸೇರಿದ್ದು, ತಿಂಗಳ ಸಂಬಳ ಕಂಡದ್ದು, ಬೇಡವೆನಿಸಿದ್ದಕ್ಕೆ ಬೇಡವೆನ್ನುವ ಧೈರ್ಯ ಬಂದದ್ದು, ಎಲ್ಲದಕ್ಕೂ ಆ ಕಟ್ಟೆಯೇ ಮೂಲ. ಅವನಿಗೆ ಮಾತ್ರ ಆಮೇಲೆ ಹೆಣ್ಣು ಸಿಗಲಿಲ್ಲ. ಅಕ್ಕನ ಮಗಳನ್ನೇ ಒಲ್ಲೆಂದವನಲ್ಲಿ ಏನೋ ದೋಷವಿರಬೇಕೆಂದು ನೆಂಟರು ಆಡಿಕೊಂಡರು. ಅವನು ನಕ್ಕು ಲಾರಿ ಹತ್ತುತ್ತಿದ್ದ.

ಗಣಿಗಳು ನಿಂತಾಗ ಲಾರಿಗಳು ನಿಂತಲ್ಲೇ ತುಕ್ಕು ಹಿಡಿದವು. ಮಾವ ಕಮಲಾಪುರದ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ಹೋದ. ಲಾರಿ ಹೋಯಿತು, ಗುಟ್ಕಾ ಉಳಿಯಿತು. ನಿದ್ದೆ ತಡೆಯಲೆಂದು ಡ್ರೈವರುಗಳೆಲ್ಲ ಹಾಕಿಕೊಳ್ಳುತ್ತಿದ್ದುದು, ಅವನ ಎಡಗೆನ್ನೆಯಲ್ಲಿ ಮನೆ ಮಾಡಿತ್ತು. ಕೆನ್ನೆಯ ಒಳಗೆ ಹುಣ್ಣಾದದ್ದನ್ನು ಅವನು ನಮಗೆ ಬಹಳ ತಡವಾಗಿ ಹೇಳಿದ. ಹೇಳಿದ್ದೂ ಹುಣ್ಣೆಂದಲ್ಲ. "ಖಾರ ತಡ್ಯಾಕ ಆಗವಲ್ದು" ಅಂದ, ಅಷ್ಟೆ. ಅವನು ಖಾರ ಬೇಡವೆಂದಾಗ ನನಗೆ ಭಯವಾಯಿತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ದವಡೆಯ ಒಂದು ಭಾಗ ತೆಗೆದರು. ಆಮೇಲೆ ವಾರಗಟ್ಟಲೆ ಕರೆಂಟು, ಅಂದರೆ ರೇಡಿಯೇಷನ್, ಇಟ್ಟರು. ಮುಖದ ಎಡಭಾಗ ಒಳಕ್ಕೆ ಕುಸಿಯಿತು. ಬಾಯಿ ಒಂದು ಬೆರಳು ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಮಾತು ತೊದಲುತ್ತಿತ್ತು. ನಾಲಿಗೆಯ ರುಚಿ ಮರಳಿ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ನಾನು ಅವನನ್ನು ಹೊಸಪೇಟೆಯ ನನ್ನ ಬಾಡಿಗೆ ಮನೆಗೆ ಕರೆತಂದೆ. ಅಜ್ಜಿ ಆಗಲೇ ತೀರಿಹೋಗಿದ್ದಳು. ಅವ್ವನಿಗೆ ಮಂಡಿನೋವು, ಎದ್ದು ಓಡಾಡುವುದೇ ಕಷ್ಟ.

ದಿನವೂ ಗಂಜಿ. ಅವನು ಚಮಚೆ ಕೆಳಗಿಟ್ಟು ಹೇಳುತ್ತಿದ್ದ: "ಗಂಜಿಗೆ ಏನ್ ರುಚಿ ಇರ್ತೈತಿ ಹೇಳು? ನಂದ್ ನಾಲಿಗಿ ಸರಿ ಐತಿ. ನಮ್ಮ ಮಾಂಸದ ಸಾರು ಒಮ್ಮೆ ಬಾಯಿಗೆ ಬೀಳ್ಲಿ, ತಾನ ಎದ್ದು ಕುಂದ್ರತೈತಿ."

ಅವನು ಅದನ್ನು ನಂಬಿದ್ದ. ಕೇಳಿ ಕೇಳಿ ನಾನೂ ನಂಬಿದೆ.

ಮಾಂಸ ಬೆಣ್ಣೆಯಂತೆ ಕರಗದಿದ್ದರೆ ಅವನ ಬಾಯಿಗೆ ಹೋಗುವಂತಿರಲಿಲ್ಲ. ಬಾಡಿಗೆ ಮನೆಯಲ್ಲಿ ಹೊಟ್ಟಿನ ಒಲೆ ಹಚ್ಚುವಂತಿಲ್ಲ. ಜೊತೆಯ ಟೀಚರೊಬ್ಬರು ಸ್ಲೋ ಕುಕ್ಕರ್ ಎಂಬುದೊಂದಿದೆ, ಕರೆಂಟಿನ ಮೇಲೆ ದಿನವಿಡೀ ಸಣ್ಣಗೆ ಬೇಯಿಸುತ್ತದೆ ಎಂದರು. ತರಿಸಿದೆ. ಕಾನೂನು ಬಿಗಿಯಾದ ಮೇಲೆ ದನದ ಮಾಂಸ ಮೊದಲಿನಂತೆ ಸಿಗುತ್ತಿರಲಿಲ್ಲ. ನಾನು ಹುಡುಗಿಯಾಗಿದ್ದಾಗ ಬುಟ್ಟಿಯಲ್ಲಿ ಮನೆ ಬಾಗಿಲಿಗೆ ಬರುತ್ತಿದ್ದುದನ್ನು ಈಗ ಕೇಳುವುದಕ್ಕೂ ಅತ್ತಿತ್ತ ನೋಡಬೇಕಿತ್ತು. ಕಂಪ್ಲಿಯ ಆ ಗೆಳೆಯನೇ ಒಂದು ಭಾನುವಾರ ಬೆಳಗ್ಗೆ ಮುದಿ ಎಮ್ಮೆಯ ಮಾಂಸ ತಂದು ಕೊಟ್ಟ. ಮಾವನ ಮುಖ ನೋಡಿ, ಬಾಗಿಲಲ್ಲೇ ನಿಂತು, "ಬರ್ತೀನಿ ತಮ್ಮಾ" ಎಂದವನು ಒಳಗೆ ಬರಲಾರದೆ ಹೊರಟುಹೋದ.

ಮಾವ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತ. ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಹುರಿದು ಕುಟ್ಟಿದ ಕೊತ್ತಂಬರಿ, ಒಣಕೊಬ್ಬರಿ. ಖಾರದ ಪುಡಿ ಬೇಡವೆಂದೆ, ಬಾಯಿ ಉರಿಯುತ್ತದೆಂದು. ಅವನು ಒಪ್ಪಲಿಲ್ಲ. ಬೆರಳ ತುದಿಯಲ್ಲಿ ನಿಲ್ಲುವಷ್ಟಾದರೂ ಹಾಕಿಸಿದ. ಕುಕ್ಕರಿನ ಗುಂಡಿ ಒತ್ತಿದಾಗ ಅನುಮಾನದಿಂದ ನೋಡಿದ.

"ಇದಕ್ಕ ಉರಿನ ಇಲ್ಲಲ್ಲವ್ವಾ. ಬೇಯೋದು ಹೌದಾ?"

"ಹೊಟ್ಟಿನ ಒಲೀಗೂ ಉರಿ ಎಲ್ಲಿತ್ತು ಮಾವಾ?"

ಸೊಟ್ಟ ಬಾಯಿಯಲ್ಲೇ ನಕ್ಕ. ಆ ದಿನ ಅವನು ಬಹಳ ಚೆನ್ನಾಗಿದ್ದ. ಮಧ್ಯಾಹ್ನ ಆಲೂಗಡ್ಡೆ ಹೆಚ್ಚಿಟ್ಟುಕೊಂಡು ಕೇಳಿದರೆ, "ಈಗ ಬ್ಯಾಡ, ಮಾಂಸ ಸಡ್ಲ ಆಗ್ಲಿ" ಅನ್ನುತ್ತಿದ್ದ. ಸಂಜೆಯ ಹೊತ್ತಿಗೆ ಹಾಕಲು ಹೇಳಿದ. ವಾಸನೆ ಮನೆಯೆಲ್ಲ ತುಂಬಿತು. ಕಿಟಕಿ ಮುಚ್ಚಿದೆ, ಬಾಗಿಲ ಸಂದಿಗೆ ಬಟ್ಟೆ ತುರುಕಿದೆ. ಮಾಲಕಿ ಮೇಲಿನ ಮನೆಯಲ್ಲಿದ್ದರು, ಒಳ್ಳೆಯ ಹೆಂಗಸು. ಮನೆ ಕೊಡುವಾಗಲೇ ಹೇಳಿದ್ದರು: "ಕೋಳಿ, ಕುರಿ ಮಾಡ್ಕೋರಿ, ನಾವೂ ಮಾಡ್ತೀವಿ. ಅದೊಂದು ಮಾತ್ರ ಬ್ಯಾಡ್ರಿ."

ಬಾಗಿಲು ತಟ್ಟಿದ್ದು ಅವರೇ. ತೆರೆದೆ.

"ಏನ್ರೀ ಟೀಚರ್, ಬೆಳಿಗ್ಗಿಂದ ವಾಸನಿ ಭಾಳ ಬರಾಕತ್ತೈತಿ. ಏನ್ ಮಾಡೀರಿ?"

ನನ್ನ ಬಾಯಿಂದ ಮಾತು ಹೊರಡುವ ಮೊದಲೇ ಹಿಂದಿನಿಂದ ಮಾವ ಕುರ್ಚಿ ಹಿಡಿದು ಎದ್ದು ನಿಂತ. ತೊದಲುವ ನಾಲಿಗೆಯನ್ನು ಕಷ್ಟಪಟ್ಟು ತಿರುಗಿಸಿ, ಅವರಿಗೆ ತಿಳಿಯುವಂತೆ ಬಿಡಿಸಿ ಹೇಳಿದ:

"ಕುರೀದ್ರೀ ಅಮ್ಮಾರ. ನಾನ ಕೇಳಿ ಮಾಡಿಸೀನ್ರಿ."

ಮಾಲಕಿ ಅವನ ಮುಖ ನೋಡಿ ಮೆತ್ತಗಾದರು. "ಉಣ್ರೀ, ಉಣ್ರೀ. ಗಟ್ಟಿ ಆಗ್ಬೇಕ್ ನೋಡ್ರಿ" ಎಂದು ಹೊರಟುಹೋದರು.

ಬಾಗಿಲು ಹಾಕಿ ತಿರುಗಿದಾಗ ಮಾವ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಗುಡ್ಡದ ಮೇಲೆ, ಅಷ್ಟು ಜನರೆದುರು ದನದ್ದೆಂದು ಹೆಸರು ಕೂಗಿ ಬಡಿಸಿದವನು. ನಾನು ಹತ್ತಿರ ಹೋಗಿ ಭುಜ ಮುಟ್ಟಿದೆ. "ನಿನಗ ಮನಿ ಬೇಕಲ್ಲವ್ವಾ" ಅಂದ.

ಬಡಿಸಿದೆ. ಮಾಂಸ ಚಮಚೆ ತಾಗಿದರೆ ಎಳೆ ಎಳೆಯಾಗಿ ಬಿಡುತ್ತಿತ್ತು. ಆಲೂಗಡ್ಡೆಯನ್ನು ಸಾರಿನಲ್ಲೇ ಹಿಸುಕಿ, ಒಂದು ಚಮಚೆ ಅವನ ಬಾಯಿಯ ಸಂದಿನಲ್ಲಿ ಇಟ್ಟೆ. ಅವನು ಹಳೆಯ ಅಭ್ಯಾಸದಂತೆ ಕಣ್ಣು ಮುಚ್ಚಿದ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡ. ಇನ್ನೊಂದು ಚಮಚೆ ಕೇಳಿದ. ಮತ್ತೊಂದು. ಆಮೇಲೆ ಕಣ್ಣು ತೆರೆದ.

"ಬಿಸಿ ಐತಿ" ಅಂದ. "ಮೆತ್ತಗೈತಿ. ಮತ್ತೇನಿಲ್ಲ."

"ಉಪ್ಪು ಕಮ್ಮಿ ಆಗಿರ್ಬೇಕು ಮಾವಾ, ಹಾಕ್ತೀನಿ ತಡಿ."

"ಬ್ಯಾಡ. ಮಣ್ಣು ತಿಂದಂಗ ಐತಿ. ಮಣ್ಣಿಗಾದ್ರೂ ಒಂದ್ ರುಚಿ ಇರ್ತೈತಿ, ನಾ ತಿಂದೀನಿ." ತಟ್ಟೆಯನ್ನು ನನ್ನ ಕಡೆ ತಳ್ಳಿದ. "ನೀ ಉಣ್ಣು. ಉಂಡು ಹೆಂಗೈತಿ ಹೇಳು."

ಅವನೆದುರು ಕೂತು ಉಂಡೆ. ಒಂದೊಂದಾಗಿ ಹೇಳಿದೆ. ಕೊಬ್ಬರಿ ಮುಂದೆ ಬರುತ್ತದೆ, ಶುಂಠಿ ಹಿಂದೆ ನಿಲ್ಲುತ್ತದೆ, ಆಲೂಗಡ್ಡೆ ಒಳಗಿನವರೆಗೂ ಸಾರು ಹೀರಿದೆ, ಎಂದೆ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ. ಸಾಲಾಗಿ ತಟ್ಟೆ ಹಿಡಿದು ನಿಂತವರಿಗೆ ಬಡಿಸಿದವನು ಹಾಗೆ ಇನ್ನೊಬ್ಬರ ಬಾಯಿ ನೋಡುತ್ತ ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನು ಅಳಲಿಲ್ಲ. ತನ್ನ ನಾಲಿಗೆ ಸರಿಯಿದೆ ಎಂಬ ಮಾತನ್ನು ಮಾತ್ರ ಮತ್ತೆ ಎಂದೂ ಆಡಲಿಲ್ಲ.

ರೋಗ ಗಂಟಲಿಗೆ ಇಳಿಯಿತು. ಬೆಂಗಳೂರಿನ ಡಾಕ್ಟರು ಇನ್ನು ಕರೆತರುವುದು ಬೇಡವೆಂದರು. ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದರು. ಹಾಲು, ಹಿಟ್ಟಿನ ಅಂಬಲಿ ಎಲ್ಲ ಅದರಲ್ಲೇ. ನಾನು ಶಾಲೆಯಲ್ಲಿರುವಾಗ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದೆ. ಮಾತು ಪೂರ್ತಿ ನಿಂತಿತು. ಸಂಜೆ ನಾನು ಶಾಲೆಯಿಂದ ಬಂದ ಕೂಡಲೇ ಅವನು ಕೈಯನ್ನು ಬಾಯಿಯ ಹತ್ತಿರ ಒಯ್ದು, ಅಂಗೈ ತಿರುಗಿಸಿ ಕೇಳುತ್ತಿದ್ದ: ಇವತ್ತು ಏನು ಉಂಡೆ? ಏನೂ ಬಿಡದೆ ಹೇಳಬೇಕಿತ್ತು. ಶಾಲೆಯ ಬಿಸಿಯೂಟದ ಸಪ್ಪೆ ಸಾರನ್ನೂ ಬಣ್ಣಿಸಿ ಹೇಳುತ್ತಿದ್ದೆ. ನೋವಿನ ಮಾತ್ರೆಗೂ ನೋವು ಬಗ್ಗದ ದಿನಗಳಲ್ಲಿ ಮಾಂಸದ ಸಾರನ್ನು ಮೊದಲಿನಿಂದ ಮಾತಿನಲ್ಲೇ ಮಾಡುತ್ತಿದ್ದೆ. ಈರುಳ್ಳಿ ಕೆಂಪಾಯ್ತು ಮಾವಾ. ಮಾಂಸ ಹಾಕಿದೆ. ಮುಚ್ಚಳ ಮುಚ್ಚಿದೆ. ಇನ್ನು ಆಲೂಗಡ್ಡೆ ಹಾಕಲಾ? ಅವನು ಕಣ್ಣು ಮುಚ್ಚಿಕೊಂಡೇ ತೋರುಬೆರಳು ಆಡಿಸುತ್ತಿದ್ದ: ಇನ್ನೂ ಬೇಡ. ನಾನು ಅವನ ಅಂಗಾಲು ತಿಕ್ಕಿ, ಮತ್ತೆ ಕೇಳುತ್ತಿದ್ದೆ.

ಒಂದು ಸಂಜೆ ಎರಡು ಸಲ ಕೇಳಿದರೂ ಬೆರಳು ಅಲುಗಲಿಲ್ಲ. ಎದೆ ಏರಿಳಿಯುತ್ತಿತ್ತು. ನಿದ್ದೆ ಬಂದಿರಬೇಕು, ಅಂತೂ ಬಂತಲ್ಲ ಎಂದುಕೊಂಡು ಚಾದರ ಹೊದಿಸಿದೆ. ಅದು ನಿದ್ದೆಯಾಗಿರಲಿಲ್ಲ. ಕಣ್ಣು ತೆರೆಯದೆಯೇ ಮರುದಿನ ಬೆಳಗ್ಗೆ, ಮಕ್ಕಳು ರಸ್ತೆಯಲ್ಲಿ ಶಾಲೆಗೆ ಹೋಗುವ ಹೊತ್ತಿಗೆ, ಹೋಗಿಬಿಟ್ಟ.

ಬುಕ್ಕಸಾಗರಕ್ಕೆ ಒಯ್ದು ಗದ್ದೆಗಳಾಚೆ ನಮ್ಮವರ ಜಾಗದಲ್ಲಿ ಹೂಳಿದೆವು. ಬಂದವರೆಲ್ಲ ಬಿಡುಗಡೆಯಾಯಿತು ಅಂದರು. ಉಣ್ಣುವುದರಿಂದ, ಬಣ್ಣಿಸಿದ್ದನ್ನು ಕೇಳುವುದರಿಂದ, ಬದುಕುವ ಆಸೆಯಿಂದ ಅವನಿಗೆ ಬಿಡುಗಡೆ ಬೇಕಿತ್ತೆಂದು ನನಗೆ ಅನಿಸಲಿಲ್ಲ. ಅವ್ವ ಗೋಡೆಗೆ ಒರಗಿ, "ನಿನ್ ಸಲುವಾಗಿ ಉಪಾಸ ಕುಂತಿದ್ನಲ್ಲೇ ನನ್ ತಮ್ಮ" ಎಂದು ಹಾಡಿ ಹಾಡಿ ಅತ್ತಳು. ಕಡೆಗೂ ಅವನು ಹಸಿದೇ ಹೋದನೆಂದು ನಾನು ಅವಳಿಗೆ ಹೇಗೆ ಹೇಳಲಿ?

ನಾನು ಅದೇ ಮನೆಯಲ್ಲಿದ್ದೇನೆ. ಶಾಲೆಗೆ ಹೋಗುತ್ತೇನೆ, ಬರುತ್ತೇನೆ. ಒಂದು ಲೋಟ ಅಕ್ಕಿ ಇಡುತ್ತೇನೆ, ನಿನ್ನೆಯ ಸಾರು ಬಿಸಿ ಮಾಡುತ್ತೇನೆ. ಉಪ್ಪಿದೆಯೋ ಇಲ್ಲವೋ ನೋಡದೆ ಉಂಡು ಏಳುತ್ತೇನೆ. ಸಂಜೆ ಬಾಗಿಲು ತೆರೆದಾಗ ಇವತ್ತು ಏನು ಉಂಡೆ ಎಂದು ಕೇಳುವವರಿಲ್ಲ.