ದುರ್ಬೀನು ಮತ್ತು ದಿಗಿಲು

ಹೊಸ ಮೇಷ್ಟರ ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತದೆ. ಹಳಬರ ಕೈಯಲ್ಲಿ ಸವೆಯುತ್ತದೆ. ಐವತ್ತರ ದಶಕದ ಕೊನೆಯಲ್ಲಿ ಚಿಂತಾಮಣಿ ಕಡೆಯ ಪಾಲಿಟೆಕ್ನಿಕ್ಕೊಂದಕ್ಕೆ ಅಧ್ಯಾಪಕನಾಗಿ ಸೇರಿದ ನಾನು ಎಷ್ಟು ಮುರಿದೆನೆಂದು ಕೇಳಬೇಡಿ. ಮುಂದಿನ ಬೆಂಚಿನ ಗೌರಿಬಿದನೂರಿನ ಹುಡುಗ ಕೆಮ್ಮಿದರೂ ಪ್ರಶ್ನೆ ಬಂತೆಂದೇ ನನ್ನ ಎದೆ ಡವಗುಟ್ಟುತ್ತಿತ್ತು.

ವಿಭಾಗದ ಮುಖ್ಯಸ್ಥರಾದ ನಂಜುಂಡಯ್ಯನವರಿಗೆ ಈ ವ್ಯಾಧಿಯಿರಲಿಲ್ಲ. ಸರ್ವೆ ಪಾಠವನ್ನು ಕಣ್ಣು ಮುಚ್ಚಿಕೊಂಡು ಸಂಧ್ಯಾವಂದನೆಯಷ್ಟು ನಿರರ್ಗಳವಾಗಿ ಒಪ್ಪಿಸುತ್ತಿದ್ದರು. ನನ್ನ ಕೆಲಸ ಕಾಯಂ ಆಗಲು ಅವರ ಶಿಫಾರಸು ಬೇಕಿದ್ದುದರಿಂದ ದೇವರಿಗಿಂತ ಅವರಿಗೇ ಹೆಚ್ಚು ಹೆದರುತ್ತಿದ್ದೆ.

ಆ ವರ್ಷದ ಸರ್ವೆ ಶಿಬಿರ ಅಂಬಾಜಿದುರ್ಗದ ತಪ್ಪಲಿನಲ್ಲಿ. ನೆಲದ ಏರಿಳಿತ ಅಳೆಯುವ ಹಳೆಯ ಲೆವೆಲ್ ಯಂತ್ರದ ದುರ್ಬೀನಿನಲ್ಲಿ ಅಳತೆಗೋಲು ತಲೆಕೆಳಗಾಗಿ ಕಾಣುತ್ತಿತ್ತು. ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸಬೇಕು. ಆಗಷ್ಟೇ ಬಂದಿದ್ದ ಹೊಸ ಯಂತ್ರದಲ್ಲಿ ಕೋಲು ನೆಟ್ಟಗೇ ಕಾಣುತ್ತಿತ್ತು. ಕೆಳಗಿನಿಂದ ಮೇಲಕ್ಕೆ ಎಣಿಸಬೇಕು. ನಂಜುಂಡಯ್ಯನವರ ಅನುಭವಸಂಪನ್ನ ದೃಷ್ಟಿ ಹೊಸ ಯಂತ್ರದಲ್ಲೂ ಅಭ್ಯಾಸಬಲದಿಂದ ಮೇಲಿನಿಂದಲೇ ಇಳಿಯಿತು, ಹುಡುಗರೂ ಹಾಗೆಯೇ ಕಲಿತರು. ಮಾರನೆಯ ದಿನ ಅದೇ ಯಂತ್ರದಲ್ಲಿ ಪರೀಕ್ಷೆ. ಹೆದರಿಕೆಯಿಂದ ಎಲ್ಲವನ್ನೂ ಮತ್ತೆ ಮತ್ತೆ ನೋಡುವ ನನಗೆ ತಪ್ಪು ಕಂಡಿತು. ಹೇಳಿದರೆ ನನ್ನ ನೌಕರಿಗೆ ಸಂಚಕಾರ, ಹೇಳದಿದ್ದರೆ ಇಡೀ ತರಗತಿ ಫೇಲು. ಕೊನೆಗೆ ಅವರನ್ನು ಹುಣಸೆಮರದ ಮರೆಗೆ ಕರೆದು ತೊದಲುತ್ತ ಹೇಳಿಯೇಬಿಟ್ಟೆ.

ಅವರು ನೇರವಾಗಿ ಹೋಗಿ ದುರ್ಬೀನಿಗೆ ಕಣ್ಣಿಟ್ಟರು. ತಲೆಯೆತ್ತಿದಾಗ ಮುಖ ಬೆವರಿತ್ತು.

“ನಿಂಗೆ ಹೆಂಗಪ್ಪ ಕಾಣಿಸ್ತು?”

“ಭಯಕ್ಕೆ ಸಾರ್. ನನ್ನ ಮೇಲೆ ನಂಗೇ ನಂಬಿಕೆ ಇಲ್ಲ, ನೋಡಿದ್ದನ್ನೇ ನೋಡ್ತಿರ್ತೀನಿ.”

“ನಂಗೂ ಇತ್ತು ಕಣಪ್ಪ ಆ ಭಯ. ಯಾವಾಗ ಹೋಯ್ತೋ ಗೊತ್ತೇ ಆಗ್ಲಿಲ್ಲ.”

ಆಮೇಲೆ ಹುಡುಗರನ್ನು ಕರೆದು, ತಾವು ಹೇಳಿಕೊಟ್ಟದ್ದು ತಪ್ಪೆಂದು ತಿಳಿಸಿ, ನನಗೆ ಪಾಠ ಮಾಡಲು ಅಪ್ಪಣೆ ಕೊಟ್ಟು, ತಾವೂ ಅವರ ನಡುವೆ ಬಂಡೆಯ ಮೇಲೆ ಕೂತರು. ಅಂದು ನಡುಗಿದಷ್ಟು ನಾನು ಎಂದೂ ನಡುಗಿಲ್ಲ. ಹುಡುಗರು ಪಾಸಾದರು, ಅವರ ಶಿಫಾರಸಿನಿಂದಲೇ ನಾನೂ ಕಾಯಂ ಆದೆ.

ಈಗ ನಾನೂ ಹಳಬ, ಓದುಗ ಮಿತ್ರರೇ; ನಿರರ್ಗಳನೆಂಬ ಹೆಸರೂ ಬಂದಿದೆ. ಮೊನ್ನೆ ಶಿಡ್ಲಘಟ್ಟದ ಹುಡುಗನೊಬ್ಬ ಪಾಠದ ನಡುವೆ ಎದ್ದು ನಿಂತ. ಅವನು ಬಾಯಿ ತೆರೆಯುವಷ್ಟರಲ್ಲಿ ನಾನು ಉತ್ತರ ಹೇಳಿ ಮುಗಿಸಿದ್ದೆ. ಅವನು “ಸರಿ ಸಾರ್” ಎಂದು ಕೂತುಕೊಂಡ. ಅವನು ಕೇಳಬೇಕೆಂದಿದ್ದುದು ಅದಲ್ಲವೆಂದು ಮನೆಗೆ ಬಂದ ಮೇಲೆ ಹೊಳೆಯಿತು, ಕೈಕಾಲು ತಣ್ಣಗಾಯಿತು.