ಟಾಪ್ ತೆಗೆದ ಕಾರಿನಲ್ಲಿ ಅಕ್ಕನ ಮೆರವಣಿಗೆ

ಗ್ರೈಂಡರ್ ತಗಡು ಕೊಯ್ಯುವ ಸದ್ದು ಕಿವಿಗಲ್ಲ, ಹಲ್ಲಿನ ಬುಡಕ್ಕೆ ಇಳಿಯುತ್ತದೆ. ಸನತ್‌ನಗರದ ಶೆಡ್ಡಿನಲ್ಲಿ ನಮ್ಮ ಕಾರಿನ ಟಾಪ್ ಕತ್ತರಿಸುವಾಗ ನಾನು ಬಾಯಿಗೆ ಕರ್ಚೀಫ್ ಒತ್ತಿಕೊಂಡು ನಿಂತಿದ್ದೆ. ಒಂದು ಕಾಲಕ್ಕೆ ಮಕ್ಕಳನ್ನು ಸ್ಕೂಲಿಗೆ ಬಿಟ್ಟುಬಂದ ಕಾರು, poor thing ಅನ್ನಿಸಿತು.

ಇದೆಲ್ಲ ನನ್ನ ಗಂಡನ ಅಕ್ಕನಿಗಾಗಿ. ಅವರ ಮದುವೆಯ ದಿನ ಕರ್ಫ್ಯೂ ಇತ್ತಂತೆ. ಮದುಮಕ್ಕಳನ್ನು ಮುಚ್ಚಿದ ಕಾರಿನಲ್ಲಿ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ, ಕಳ್ಳಮಾಲಿನ ಹಾಗೆ ಸಾಗಿಸಿದ್ದರು. ಎಂಬತ್ತು ತುಂಬುವಾಗ ಅಕ್ಕ ಹೋಮ ಬೇಡ, ಸೀರೆ ಬೇಡ ಎಂದರು.

“ಮೆರವಣಿಗಿ ಬೇಕು. ಮಂದಿ ನನ್ನ ನೋಡಬೇಕು.”

“ಮಾಮಾರು ಇಲ್ಲದ ಹ್ಯಾಂಗ್ರಿ?” ಎಂದು ತೀರಿಹೋದ ಅವರ ಗಂಡನನ್ನು ನೆನೆದು ಯಾರೋ ಕೇಳಿದರು.

“ಅವರಿಗೆ ಮೊದಲಿಂದ ಗದ್ದಲ ಸೇರ್ತಿದ್ದಿಲ್ಲ. ನಾ ಒಬ್ಬಾಕೀನ ಹೋಗ್ತೀನಿ. ಬಾಡಿಗಿ ಜೀಪು ಬ್ಯಾಡ, ಅದರಾಗ ಯಾರ್ಯಾರೋ ಮೆರದಿರ್ತಾರ.”

ನನ್ನ ಗಂಡ ಡಿಫೆನ್ಸ್ ಫ್ಯಾಕ್ಟರಿಯ ರಿಟೈರ್ಡ್ ಗೆಳೆಯರನ್ನು ಕರೆಸಿದರು. ಮೀಟಿಂಗ್ ಇಲ್ಲದೆ ಮೊಳೆಯನ್ನೂ ಹೊಡೆಯದ ಜನ. ಒಬ್ಬರಿಗೆ ಸೀಟಿಂಗ್, ಒಬ್ಬರಿಗೆ ಸೇಫ್ಟಿ, ಒಬ್ಬರಿಗೆ ಹೂವಿನ ಅಲಂಕಾರ. ಹಿಡಿದು ನಿಲ್ಲಲು ನಮ್ಮ ಬಾತ್‌ರೂಮಿನ ಸ್ಟೀಲ್ ಹಿಡಿ ಕಿತ್ತುಕೊಂಡು ಹೋದರು. ಕಾರಿಗೆ ಟಾಪೇ ಅರ್ಧ ಬೆನ್ನೆಲುಬು ಎಂಬುದು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಅದನ್ನು ಎತ್ತಿದ್ದೇ ತಡ, ಕಾರು ಹಗ್ಗದ ಮಂಚದಂತೆ ನಡು ಇಳಿಬಿಟ್ಟಿತು. ನಾಲ್ಕೂ ಬಾಗಿಲು ಕಚ್ಚಿಕೊಂಡವು.

ಮತ್ತೆ ಮೀಟಿಂಗ್. ಕಾರಿನ ತಳಕ್ಕೆ ಕಬ್ಬಿಣದ ಪಟ್ಟಿ, ಬಾಗಿಲಿಗೆ ವೆಲ್ಡಿಂಗ್. ಡ್ರಾಯಿಂಗಿನಲ್ಲಿ ಬಾಣ ಎಳೆದು ‘ಎಂಟ್ರಿ ಮೇಲಿನಿಂದ’ ಎಂದು ಬರೆದರು.

“ಅಕ್ಕಾರ ಮೊಣಕಾಲು ನೋಡೀರೇನು?” ಎಂದೆ.

“ಅದು ಸೇಫ್ಟಿಯವರ ಡಿಪಾರ್ಟ್‌ಮೆಂಟ್,” ಎಂದರು ನನ್ನ ಗಂಡ.

ಹುಟ್ಟುಹಬ್ಬದ ದಿನ ಬೇಗಂಪೇಟೆಯ ನಮ್ಮ ಗೇಟಿನ ಮುಂದೆ ಅಕ್ಕನನ್ನು ಡೈನಿಂಗ್ ಚೇರ್ ಸಮೇತ ಎತ್ತಿ, ವಿಗ್ರಹ ಇಳಿಸಿದ ಹಾಗೆ ಕಾರಿನೊಳಗೆ ಇಳಿಸಿದರು. ಬ್ಯಾಂಡು ಶುರುವಾಯಿತು. ಅಕ್ಕ ಬಾತ್‌ರೂಮಿನ ಹಿಡಿ ಹಿಡಿದು ಎದ್ದು ನಿಂತರು. ಇಸ್ತ್ರಿ ಅಂಗಡಿಯವನು ಓಡಿ ಬಂದು, “ದುಲ್ಹನ್ ಕಿಧರ್ ಹೈ ಅಮ್ಮಾ?” ಎಂದು ಮದುಮಗಳನ್ನು ಹುಡುಕಿದ.

“ಮೈಚ್ ದುಲ್ಹನ್,” ಎಂದು ಅಕ್ಕ ಎದೆ ಮುಟ್ಟಿಕೊಂಡರು. ಅವನು ಇಸ್ತ್ರಿ ಬಿಟ್ಟು ಬ್ಯಾಂಡಿನ ಮುಂದೆ ಕುಣಿದ.

ಬೀದಿಗಳನ್ನೆಲ್ಲ ಸುತ್ತಿ ಬಂದ ಮೇಲೆ ಗೊತ್ತಾಯಿತು, ಡ್ರಾಯಿಂಗಿನಲ್ಲಿ ಇಳಿಸುವ ಬಾಣವೇ ಇರಲಿಲ್ಲ. ಎತ್ತಿದವರ ಸೊಂಟ ಆಗಲೇ ಹಿಡಿದಿತ್ತು. ಮೀಟಿಂಗ್ ಸೇರುವಷ್ಟರಲ್ಲಿ ಅಕ್ಕ ಕಾರಿನಲ್ಲೇ ಹೋಳಿಗೆ ಊಟ ಮುಗಿಸಿ, “ಇಳಸೂದು ಬ್ಯಾಡ. ಹೀಂಗ ನನ್ನ ಪಟಾನ್‌ಚೆರು ಮನಿ ಮುಟ್ಟಸ್ರಿ. ಅಲ್ಲಿ ಓಣಿ ಮಂದಿ ಇಳಸ್ತಾರ,” ಎಂದರು.

“ಪ್ಲೀಸ್ ಅಕ್ಕಾರ, ಮೇನ್ ರೋಡಿನಾಗ ಕುಂದರ್ರಿ,” ಎಂದೆ.

“ಕುಂತರ ಯಾರು ನೋಡ್ತಾರ, ಏ ಕಾನ್ವೆಂಟಿನಾಕಿ?”

ಮುಂದಿನ ವಾರವೇ ನನಗೆ ಕ್ಯಾಟರಾಕ್ಟ್ ಆಪರೇಷನ್ ಆಯಿತು. ಕಣ್ಣಿಗೆ ಪಟ್ಟಿ ಇದ್ದಾಗಲೇ ಅಕ್ಕ ನಿದ್ದೆಯಲ್ಲಿ ಹೋಗಿಬಿಟ್ಟರು. ಹಾಗಾಗಿ ನಾನು ಅವರನ್ನು ಕೊನೆಗೆ ಕಂಡದ್ದು ಆ ಮೆರವಣಿಗೆಯ ಸಂಜೆ, ಗೇಟಿನಲ್ಲಿ ನಿಂತು. ಪಟಾನ್‌ಚೆರು ಬಸ್ಸೊಂದು ಹಿಂದಿನಿಂದ ಹಾರ್ನ್ ಹೊಡೆಯುತ್ತಿತ್ತು. ಅಕ್ಕ ಅದರ ಕಡೆ ತಿರುಗಿ ನಿಧಾನವಾಗಿ ಕೈ ಬೀಸಿದರು. ಹಾರ್ನ್ ನಿಂತಿತು. ಕಿಟಕಿಗಳಿಂದ ಒಂದೊಂದಾಗಿ ಕೈಗಳು ಹೊರಬಂದವು.