ನಾಲ್ಕನೆಯವಳ ಜಾಗ

ಡೊಂಬಿವಲಿಯಲ್ಲಿ ಲೋಕಲ್ ರೈಲಿನ ಹೆಂಗಸರ ಡಬ್ಬಿ ಹತ್ತುವಾಗಲೇ ಮೊಣಕಾಲು ಚುಚ್ಚುತ್ತಿತ್ತು. ಥಾಣೆಯವರೆಗೆ ನಿಲ್ಲಲಾರೆನೆಂದು ಹೆದರಿ "ಕೃಷ್ಣಾ" ಎಂದು ದೇವರನ್ನು ಕರೆದೆ. ಮೂರು ಸ್ಟೇಷನ್ ಹಿಂದಿನ ಶಹಾಡಿನಿಂದಲೇ ಸೀಟು ಹಿಡಿದು ಬಂದಿದ್ದ ಕನ್ನಡ ಶಾಲೆಯ ಟೀಚರೊಬ್ಬರು ಭೂಗೋಳದ ಪುಸ್ತಕದಿಂದ ತಲೆಯೆತ್ತಿ ನಕ್ಕರು.

"ನೋಡಿ ಅಕ್ಕ, ಮುಂಬೈ ಶಹರದಲ್ಲಿ ಈಚಿನ ವರ್ಷಗಳಲ್ಲಿ ಜನ ಅಷ್ಟೇನೂ ಹೆಚ್ಚಿಲ್ಲವಂತೆ. ಹೆಚ್ಚಿದ್ದೆಲ್ಲ ಸುತ್ತಲಿನ ನಮ್ಮ ಕಲ್ಯಾಣ, ಡೊಂಬಿವಲಿಯಲ್ಲಂತೆ."

"ಪುಸ್ತಕ ಯಾಕೆ ಬೇಕು ಮಾರಾಯ್ತಿ? ನಾನು ಮದುವೆಯಾಗಿ ಬಂದಾಗ ಈ ಡಬ್ಬಿಯಲ್ಲಿ ಕಾಲು ಚಾಚಿ ಕೂರ್ತಿದ್ದೆ."

"ಈಗ ಮುದುಡಿ ಕೂತ್ಕೊಳ್ಳಿ. ಏಯ್, ಥೋಡಾ ಸರ್ಕೊ!" ಎಂದು ಅವರು ಪಕ್ಕದವರನ್ನು ತುಸು ಆಚೆ ದೂಡಿದರು.

ಮೂವರ ಸೀಟಿನಲ್ಲಿ ನಾಲ್ಕನೆಯವಳಿಗೆ ಅಂಗೈಯಗಲ ಜಾಗ ಬಿಡುವುದು ಇಲ್ಲಿಯ ರೂಢಿ. ಅರ್ಧ ಮೈ ಹೊರಗಿದ್ದರೂ ಕಾಲಿನ ಭಾರ ಇಳಿಯಿತು. ಮುಂಬ್ರಾದಲ್ಲಿ ಹತ್ತಿದ ಇನ್ನೊಬ್ಬಳು ನನ್ನ ಭುಜಕ್ಕೊರಗಿ ನಿಂತಳು. ಅವಳ ಚೀಲವನ್ನು ಮಡಿಲಿಗೆ ತೆಗೆದುಕೊಂಡೆ.